ಹೆಸರಿಲ್ಲದ ಹುಡುಗಿ: ಹಳೇ ಕಿನ್ನರ ಕಥೆಯೊಂದನ್ನು ಕಾದಂಬರಿ ಮಾಡಿದ ಅನುಭವ

ನನ್ನ ಮೊದಲ ಕರಡಿನಲ್ಲಿ ಕುಳ್ಳ ಒಳ್ಳೆಯವನಾಗಿದ್ದ. ರಾಜ ಕೆಟ್ಟವನು, ಕುಳ್ಳ ಪಾಪದವನು, ಲೋಕವೇ ಅವನನ್ನು ತಪ್ಪು ತಿಳಿದಿದೆ. ಇಷ್ಟೇ ನನ್ನ ಐಡಿಯಾ. ಬರೆಯುವಾಗ ಬಹಳ ಹೊಸದು ಅನ್ನಿಸಿತ್ತು. 90 ಪುಟ ಆದ ಮೇಲೆ ಗೆಳತಿಗೆ ಓದಲು ಕೊಟ್ಟೆ. ಎರಡೇ ದಿನಕ್ಕೆ ವಾಪಸ್ ತಂದಳು. "ಅಂಗಿ ತಿರುವಿ ಹಾಕಿದ್ದೀಯ ಅಷ್ಟೇ ಕಣೇ. ಅಂಗಿ ಅದೇ" ಅಂದಳು.

ಕಥೆ ಯಾವುದು ಅಂದರೆ ಜರ್ಮನಿಯ ಗ್ರಿಮ್ ಸೋದರರ ಜನಪದ ಕಥೆಗಳ ಸಂಗ್ರಹದ ರಂಪೆಲ್‌ಸ್ಟಿಲ್ಟ್‌ಸ್ಕಿನ್. ಮರೆತವರಿಗೆ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇನೆ. ಗಿರಣಿಯವನೊಬ್ಬ ರಾಜನ ಮುಂದೆ ಜಂಬ ಕೊಚ್ಚುತ್ತಾನೆ, ನನ್ನ ಮಗಳು ಒಣಹುಲ್ಲನ್ನು ನೂತು ಚಿನ್ನ ಮಾಡುತ್ತಾಳೆ ಅಂತ. ರಾಜ ಹುಡುಗಿಯನ್ನು ಹುಲ್ಲು ತುಂಬಿದ ಕೋಣೆಯಲ್ಲಿ ಕೂಡಿಹಾಕಿ, ಬೆಳಗಾಗುವಷ್ಟರಲ್ಲಿ ಇದು ಚಿನ್ನ ಆಗದಿದ್ದರೆ ನಿನ್ನ ಕಥೆ ಮುಗೀತು ಅನ್ನುತ್ತಾನೆ. ಕುಳ್ಳನೊಬ್ಬ ಬಂದು ನೂತು ಕೊಡುತ್ತಾನೆ. ಮೊದಲ ರಾತ್ರಿಗೆ ಕೂಲಿ ಕೊರಳ ಸರ, ಎರಡನೇ ರಾತ್ರಿಗೆ ಉಂಗುರ. ಮೂರನೇ ರಾತ್ರಿ ಕೊಡಲು ಏನೂ ಉಳಿದಿಲ್ಲ, ಹಾಗಾಗಿ ಮುಂದೆ ಹುಟ್ಟುವ ಚೊಚ್ಚಲ ಮಗು. ಆಮೇಲೆ ಅವಳು ರಾಣಿ. ಮಗು ಕೇಳಲು ಬಂದ ಕುಳ್ಳ ಅವಳ ಅಳು ನೋಡಿ, ಮೂರು ದಿನದಲ್ಲಿ ನನ್ನ ಹೆಸರು ಹೇಳಿದರೆ ಮಗು ನಿನ್ನದೇ ಅನ್ನುತ್ತಾನೆ. ಹೆಸರು ಸಿಗುತ್ತದೆ. ಕುಳ್ಳ ಸಿಟ್ಟಿನಲ್ಲಿ ತನ್ನನ್ನು ತಾನೇ ಎರಡಾಗಿ ಸೀಳಿಕೊಳ್ಳುತ್ತಾನೆ. (ಆ ಹೆಸರನ್ನು ಒಮ್ಮೆ ಕನ್ನಡದಲ್ಲಿ ಟೈಪ್ ಮಾಡಿ ನೋಡಿ. ರಾಣಿಯ ಕಷ್ಟ ಗೊತ್ತಾಗುತ್ತದೆ.)

ಇಡೀ ಕಥೆ ಎರಡು ಮೂರು ಪುಟ. ಆದರೆ ಅದರಲ್ಲಿ ತೂತು ಎಷ್ಟಿವೆ! ಮಗಳನ್ನು ಸಿಕ್ಕಿಸಿದ ಅಪ್ಪ ಮೊದಲ ಪುಟದಲ್ಲೇ ಮಾಯ. ಕೊಲ್ಲುತ್ತೇನೆ ಅಂದವನನ್ನೇ ಹುಡುಗಿ ಮದುವೆಯಾಗುತ್ತಾಳೆ, ಯಾರೂ ಏನೂ ಅನ್ನುವುದಿಲ್ಲ. ಹುಲ್ಲಿನಿಂದ ರಾಶಿ ರಾಶಿ ಚಿನ್ನ ತೆಗೆಯುವವನಿಗೆ ಒಂದು ಸರ, ಒಂದು ಉಂಗುರ ಯಾಕೆ ಬೇಕು? ಇನ್ನೊಂದು ವಿಷಯ. ಇಡೀ ಕಥೆಯಲ್ಲಿ "ಯಾಕೆ ಅಳ್ತಿದ್ದೀಯ" ಅಂತ ಆ ಹುಡುಗಿಯನ್ನು ಕೇಳುವವನು ಕುಳ್ಳ ಒಬ್ಬನೇ. ಅಪ್ಪ ಕೇಳಲಿಲ್ಲ, ಗಂಡ ಕೇಳಲಿಲ್ಲ.

ಬಾಯಿಂದ ಬಾಯಿಗೆ ಬಂದ ಕಥೆ ಯಾರ ಮನಸ್ಸಿನ ಒಳಗೂ ಇಣುಕುವುದಿಲ್ಲ. ಏನಾಯಿತು ಅಂತಷ್ಟೇ ಹೇಳಿ ಮುಂದೆ ಹೋಗುತ್ತದೆ. ಚಿಕ್ಕವರಿದ್ದಾಗ ನಾವೂ ಅದರ ಜೊತೆ ಮುಂದೆ ಹೋದೆವು. ದೊಡ್ಡವರಾದ ಮೇಲೆ ಆ "ಯಾಕೆ" ಎಲ್ಲೋ ಚುಚ್ಚುತ್ತಿರುತ್ತದೆ, ಅಲ್ವಾ? ಹಳೇ ಕಥೆಗಳನ್ನು ಮತ್ತೆ ಹೇಳುವ ಕಾದಂಬರಿಗಳನ್ನು ನಾನು ಹುಡುಕಿ ಹುಡುಕಿ ಓದುತ್ತಿದ್ದದ್ದು ಅದಕ್ಕೇ. ಬರೆಯಲು ಕೂತಾಗ ಮಾತ್ರ ಅದನ್ನೇ ಮರೆತು, ಒಳ್ಳೆಯವರು ಕೆಟ್ಟವರ ಪಟ್ಟಿಯನ್ನು ಸುಮ್ನೆ ಅದಲುಬದಲು ಮಾಡಿದ್ದೆ.

ಎರಡನೇ ಕರಡಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಫ್ಯಾಂಟಸಿ ಅಂದಮೇಲೆ ಮಾಯೆಗೆ ನಿಯಮ ಬೇಕು ಅಂತ ಹಠ ಹಿಡಿದೆ. ಒಂದು ರಾಜ್ಯದಲ್ಲಿ ಅಷ್ಟು ಚಿನ್ನ ಸುರಿದರೆ ಚಿನ್ನದ ಬೆಲೆ ಬೀಳಬೇಕು ತಾನೇ? ಟಂಕಸಾಲೆ, ತೆರಿಗೆ, ಸಾಲಗಾರರು, ಪಕ್ಕದ ರಾಜ್ಯದ ರಾಯಭಾರಿ ಅಂತ 40 ಪುಟ ಬರೆದೆ. ಹುಡುಗಿ ಕೋಣೆಯಲ್ಲಿ ಅಳುತ್ತಾ ಕೂತೇ ಇದ್ದಳು, ನಾನು ಲೆಕ್ಕಪತ್ರ ಬರೆಯುತ್ತಿದ್ದೆ. ಅದೆಲ್ಲದರಲ್ಲಿ ಉಳಿದದ್ದು ಒಂದು ಸಾಲು.

ದಾರಿ ಸಿಕ್ಕಿದ್ದು ಹಳೇ ಹಸ್ತಪ್ರತಿಯಲ್ಲಿ. ಗ್ರಿಮ್ ಸೋದರರ ಸಂಗ್ರಹ ಮೊದಲು ಅಚ್ಚಾದದ್ದು 1812ರಲ್ಲಿ. ಅದಕ್ಕೂ ಮೊದಲು, 1810ರಲ್ಲಿ, ತಾವು ಕೂಡಿಟ್ಟ ಕಥೆಗಳನ್ನು ಕ್ಲೆಮೆನ್ಸ್ ಬ್ರೆಂಟಾನೋ ಎಂಬ ಕವಿಗೆ ಕಳಿಸಿದ್ದರು. ಆತ ಅದನ್ನು ಅಚ್ಚು ಹಾಕಿಸಲೂ ಇಲ್ಲ, ವಾಪಸ್ ಕೊಡಲೂ ಇಲ್ಲ. ಸೋದರರು ತಮ್ಮ ಹತ್ತಿರ ಇದ್ದದ್ದನ್ನು ನಾಶ ಮಾಡಿದರು. ಆತ ವಾಪಸ್ ಕೊಡದೇ ಇಟ್ಟುಕೊಂಡದ್ದು ಮಾತ್ರ ಉಳಿದು, ತುಂಬ ಕಾಲದ ಮೇಲೆ ಒಂದು ಕ್ರೈಸ್ತ ಮಠದಲ್ಲಿ ಸಿಕ್ಕಿತು. ಪುಸ್ತಕ ತೆಗೆದುಕೊಂಡು ಹೋಗಿ ಮರಳಿಸದವರನ್ನು ನಾನು ಕ್ಷಮಿಸುವವಳಲ್ಲ. ಈ ಒಬ್ಬರನ್ನು ಬಿಟ್ಟು.

ಯಾಕೆಂದರೆ ಆ ಹಸ್ತಪ್ರತಿಯಲ್ಲಿ ಕಥೆ ತಲೆಕೆಳಗಾಗಿದೆ. ಅಲ್ಲಿ ಜಂಬದ ಅಪ್ಪ ಇಲ್ಲ, ಹುಲ್ಲಿನ ಕೋಣೆಯೂ ಇಲ್ಲ. ಹುಡುಗಿಗೆ ನೂಲಲು ಅಗಸೆ ನಾರು ಕೊಟ್ಟಿದ್ದಾರೆ. ಅವಳು ಎಷ್ಟು ನೂತರೂ ಬರುವುದು ಚಿನ್ನದ ಎಳೆ ಮಾತ್ರ. ಸಾದಾ ನೂಲು ಬರುವುದೇ ಇಲ್ಲ. ಮೂರು ದಿನ ಚಾವಣಿಯ ಮೇಲೆ ಕೂತು ನೂಲುತ್ತಾಳೆ, ಬರೀ ಚಿನ್ನ. ಅದಕ್ಕೇ ಅವಳಿಗೆ ದುಃಖ.

ಇದನ್ನು ಓದಿದ ದಿನ ನನಗೆ ಬೇರೆ ಕೆಲಸ ಮಾಡಲು ಆಗಲಿಲ್ಲ. ಚಿನ್ನ ಬಾರದೆ ಅಳುವ ಹುಡುಗಿ ಎಲ್ಲರಿಗೂ ಗೊತ್ತು. ಚಿನ್ನವೇ ಬರುತ್ತದೆ ಅಂತ ಅಳುವವಳು? ಅವಳ ನೂಲಿನಿಂದ ಅಂಗಿ ಆಗುವುದಿಲ್ಲ, ಹೊದಿಕೆ ಆಗುವುದಿಲ್ಲ, ಹರಿದದ್ದನ್ನು ಹೊಲಿಯಲೂ ಆಗುವುದಿಲ್ಲ.

ನನ್ನ ಒಂದು ಭಯವೂ ಅಂದೇ ಹೋಯಿತು. ಹಳೇ ಕಥೆಯನ್ನು ಕೆಡಿಸುತ್ತಿದ್ದೇನೆ ಎಂಬ ಭಯ. 1812ರ ಪುಸ್ತಕದಲ್ಲಿ ಕುಳ್ಳ ಸೀಳಿಕೊಳ್ಳುವುದೇ ಇಲ್ಲ. ಸಿಟ್ಟಿನಿಂದ ಓಡಿಹೋಗುತ್ತಾನೆ, ಮತ್ತೆ ಬರುವುದಿಲ್ಲ, ಅಷ್ಟೇ. ಸೀಳಿಕೊಂಡದ್ದು 1819ರ ಎರಡನೇ ಆವೃತ್ತಿಯಲ್ಲಿ. ಹಿಮಬಿಳಿ ಹುಡುಗಿಯ (ಸ್ನೋ ವೈಟ್) ಕಥೆಯಲ್ಲೂ ಅಷ್ಟೇ: 1812ರಲ್ಲಿ ಮಗಳನ್ನು ಕೊಲ್ಲಿಸಲು ನೋಡುವವಳು ಹೆತ್ತ ತಾಯಿಯೇ, 1819ರಲ್ಲಿ ಅವಳು ಮಲತಾಯಿಯಾದಳು. 1857ರವರೆಗೆ ಏಳು ಆವೃತ್ತಿ ಬಂದವು, ತಿದ್ದುಪಡಿ ನಡೆಯುತ್ತಲೇ ಇತ್ತು. ಮೂಲ ಕಥೆ ಅಂತ ನಾವು ಅಪ್ಪಿಕೊಂಡಿರುವುದೇ ಹೀಗೆ ಮತ್ತೆ ಮತ್ತೆ ಬರೆದದ್ದು.

ಮೂರನೇ ಕರಡಿಗೆ ಕೂರುವ ಮೊದಲು ಒಂದು ಕದಿರು, ಒಂದಿಷ್ಟು ಉಣ್ಣೆ ತಂದೆ. ನೂಲುವುದು ಗೊತ್ತಿಲ್ಲದೆ ನೂಲುವವಳ ಬಗ್ಗೆ ಬರೆದರೆ ಓದುಗರಿಗೆ ವಾಸನೆ ಬಡಿಯುತ್ತದೆ. ಉಣ್ಣೆಯನ್ನು ಬೆರಳಲ್ಲಿ ಎಳೆಯುತ್ತಾ ಕದಿರನ್ನು ತಿರುಗಿಸಿ ಬಿಡಬೇಕು. ಕದಿರಿನ ಭಾರಕ್ಕೆ ಎಳೆ ಇಳಿಯುತ್ತದೆ, ತಿರುಗುವಿಕೆಗೆ ಹುರಿಗೊಳ್ಳುತ್ತದೆ. ಹುರಿ ಏರುವ ಮೊದಲೇ ಎಳೆದರೆ ಪಟ್ಟನೆ ತುಂಡು, ಕದಿರು ಕಾಲ ಮೇಲೆ. ಮೊದಲ ವಾರ ನಾನು ನೂತದ್ದಕ್ಕಿಂತ ಬಗ್ಗಿ ಹೆಕ್ಕಿದ್ದೇ ಜಾಸ್ತಿ. ಹದಿನೈದು ದಿನದಲ್ಲಿ ಹೆಬ್ಬೆರಳಿನ ಪಕ್ಕ ಚರ್ಮ ಗಟ್ಟಿಯಾಯಿತು.

ಆಗ ನೆನಪಾದದ್ದು ಅದೇ ಸಂಗ್ರಹದ ಮೂವರು ನೂಲುವ ಹೆಂಗಸರ ಕಥೆ. ಒಬ್ಬಳಿಗೆ ರಾಟೆ ತುಳಿದು ತುಳಿದು ಅಗಲವಾದ ಪಾದ, ಒಬ್ಬಳಿಗೆ ನಾರನ್ನು ನೆಕ್ಕಿ ಒದ್ದೆ ಮಾಡಿ ಮಾಡಿ ಜೋತುಬಿದ್ದ ತುಟಿ, ಇನ್ನೊಬ್ಬಳಿಗೆ ಎಳೆ ಹೊಸೆದು ಹೊಸೆದು ಚಪ್ಪಟೆಯಾದ ಹೆಬ್ಬೆರಳು. ಈ ಕಥೆ ಕಟ್ಟಿದವರಿಗೆ ನೂಲುವ ಕೆಲಸ ಏನು ಮಾಡುತ್ತದೆ ಅಂತ ಚೆನ್ನಾಗಿ ಗೊತ್ತಿತ್ತು. ನನ್ನ ಕಾದಂಬರಿ ಈಗ ಶುರುವಾಗುವುದು ಹುಡುಗಿಯ ಹೆಬ್ಬೆರಳಿನಿಂದ.

ಮಾಯೆಯ ನಿಯಮವೂ ಆ ಕದಿರಿನಿಂದಲೇ ಸಿಕ್ಕಿತು. ಅದೇ ಗಾತ್ರದ ನಾರಿಗಿಂತ ಚಿನ್ನ ಹೆಚ್ಚುಕಡಿಮೆ ಹದಿಮೂರು ಪಟ್ಟು ಭಾರ. ನಾಲ್ಕು ಮಾರು ನೂಲುವಷ್ಟರಲ್ಲಿ ಕದಿರು ನೆಲಕ್ಕೆ ಜಗ್ಗಬೇಕು, ಭುಜ ಸೋಲಬೇಕು. ಟಂಕಸಾಲೆಯ 40 ಪುಟ ಮಾಡದ ಕೆಲಸವನ್ನು ಈ ಭಾರ ಮಾಡಿತು.

ಆಮೇಲೆ ಕಥೆ ತಾನೇ ಬಿಚ್ಚಿಕೊಂಡಿತು. ಅಪ್ಪ ಹೇಳಿದ್ದು ಜಂಬವಲ್ಲ, ನಿಜ. ಹುಡುಗಿ ಅಳುವುದು ತನಗೆ ಬರುವುದಿಲ್ಲ ಅಂತಲ್ಲ, ಬರುತ್ತದೆ ಅಂತ. ಒಮ್ಮೆ ನೂತು ತೋರಿಸಿದರೆ ಆ ಕೋಣೆಯಿಂದ ಹೊರಗೆ ಯಾರು ಬಿಡುತ್ತಾರೆ? ಕುಳ್ಳನ ವಿದ್ಯೆ ಅವಳದಕ್ಕೆ ಉಲ್ಟಾ. ಅವನು ಚಿನ್ನವನ್ನು ಸಾದಾ ನೂಲು ಮಾಡಬಲ್ಲ. ಸರ, ಉಂಗುರ ಯಾಕೆ ಬೇಕಿತ್ತು ಎಂಬ ನನ್ನ ಹಳೇ ಪ್ರಶ್ನೆಗೂ ಅಲ್ಲೇ ಉತ್ತರ ಇತ್ತು. ಅವನಿಗೆ ಅದು ಕಚ್ಚಾ ಮಾಲು.

ಗೊತ್ತಿರುವ ಕಥೆಯನ್ನು ಬರೆಯುವುದರಲ್ಲಿ ಒಂದು ಲಾಭ ಇದೆ. ಬರೆಯುವವರೆಗೆ ಅದು ನನಗೆ ಅರ್ಥ ಆಗಿರಲಿಲ್ಲ. ನನ್ನ ಕಾದಂಬರಿಯಲ್ಲಿ ಮೂರನೇ ರಾತ್ರಿ ಕುಳ್ಳ ಬರುವುದಿಲ್ಲ. ಹುಡುಗಿ ಬಾಗಿಲು ನೋಡುತ್ತಾ ಕೂತಿದ್ದಾಳೆ. ದೀಪದ ಎಣ್ಣೆ ಮುಗಿಯುತ್ತದೆ. ಬಾಗಿಲು ತೆರೆಯುವುದಿಲ್ಲ. ಇಷ್ಟೇ ಬರೆದದ್ದು. ಬೇರೆ ಯಾವ ಕಾದಂಬರಿಯಲ್ಲಾದರೂ ತೆರೆಯದ ಬಾಗಿಲು ಬರೀ ಒಂದು ಬಾಗಿಲು. ಇಲ್ಲಿ ಓದುಗರು ಚಿಕ್ಕಂದಿನಿಂದ ಆ ಬಾಗಿಲು ತೆರೆಯುವುದನ್ನು ನೋಡಿದ್ದಾರೆ. ಅಂಗಿಯ ಮಾತಾಡಿದ ಗೆಳತಿ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದಳು. "ಅವನು ಬರಲೇ ಇಲ್ವಲ್ಲೇ!" ಅಷ್ಟೇ ಅಂದು ಇಟ್ಟಳು.

ಹೆಸರಿನ ಭಾಗ ನನ್ನನ್ನು ತುಂಬ ಸತಾಯಿಸಿತು. ಇಡೀ ಕಥೆ ನಿಂತಿರುವುದು ಒಂದು ಹೆಸರಿನ ಮೇಲೆ. ಆದರೆ ಹೆಸರಿರುವುದು ಕುಳ್ಳನಿಗೆ ಮಾತ್ರ. ಹುಡುಗಿ ಮೊದಲು ಗಿರಣಿಯವನ ಮಗಳು, ಆಮೇಲೆ ರಾಣಿ. ಮೂರನೇ ಕರಡಿನ ಮೊದಲ ಸಾಲಿನಲ್ಲೇ ಅವಳಿಗೆ ಹೆಸರಿಟ್ಟೆ. ಓದಿದಾಗಲೆಲ್ಲ ಏನೋ ಸಡಿಲ ಅನ್ನಿಸುತ್ತಿತ್ತು. ಕೊನೆಗೆ ಇಟ್ಟ ಹೆಸರನ್ನು ಪ್ರತಿ ಪುಟದಿಂದಲೂ ಅಳಿಸಿದೆ. ಮಗು ಕೇಳಲು ಬಂದ ಕುಳ್ಳನಿಗೆ ಈಗ ಅವಳೇ ಪಂಥ ಕಟ್ಟುತ್ತಾಳೆ: "ನನ್ನ ಹೆಸರು ಹೇಳು ನೋಡೋಣ. ಮೂರು ದಿನ ಕೊಡ್ತೀನಿ." ಅವನಿಗೆ ಗೊತ್ತಿಲ್ಲ. ಅವಳ ಜೊತೆ 200 ಪುಟ ಕಳೆದ ಓದುಗರಿಗೂ ಗೊತ್ತಿಲ್ಲ.

ಕೊನೇ ಪುಟದಲ್ಲಾದರೂ ಹೆಸರು ಹೇಳಿಬಿಡಿ ಅಂತ ಸಂಪಾದಕರು ಎರಡು ಸಲ ಕೇಳಿದರು. ನಾನು ಒಪ್ಪಲಿಲ್ಲ. ಅದು ನನ್ನ ನೋಟ್‌ಬುಕ್ಕಿನ ಹಿಂದಿನ ರಟ್ಟಿನ ಮೇಲೆ ಪೆನ್ಸಿಲ್ಲಿನಲ್ಲಿದೆ. ಪುಸ್ತಕ ಬಂದ ಮೇಲೆ ಓದುಗರು ಊಹೆ ಮಾಡಿ ಹೆಸರು ಕಳಿಸುತ್ತಿದ್ದಾರೆ. ಇದುವರೆಗೆ ಯಾರೂ ಸರಿಯಾಗಿ ಹೇಳಿಲ್ಲ. ಆದರೆ ಹೋದ ತಿಂಗಳು ಒಬ್ಬರು ಕಳಿಸಿದ ಹೆಸರು ನಾನು ಇಟ್ಟಿದ್ದಕ್ಕಿಂತ ಚೆನ್ನಾಗಿದೆ. ಅವರಿಗೆ ಇನ್ನೂ ಉತ್ತರ ಬರೆದಿಲ್ಲ.