ಸೆಪ್ಟಿಕ್ ಟ್ಯಾಂಕ್ ಪಾಠ ಗುಂಡಿ ಪಕ್ಕದಲ್ಲೇ ಆಗಲಿ

ಕೋಲಾರದ ಕಡೆ ಮನೆ ಕಟ್ಟುವವರು ಟೈಲ್ಸ್ ಆರಿಸಲು ನಾಲ್ಕು ಅಂಗಡಿ ಸುತ್ತುತ್ತಾರೆ. ಸೆಪ್ಟಿಕ್ ಟ್ಯಾಂಕ್ ಮಾತ್ರ ಮೇಸ್ತ್ರಿಗೆ ಬಿಟ್ಟ ವಿಷಯ. ಎಷ್ಟೋ ಮೇಸ್ತ್ರಿಗಳಿಗೆ ಅದನ್ನು ಯಾರೂ ಕೂರಿಸಿ ಹೇಳಿಕೊಟ್ಟಿರುವುದಿಲ್ಲ. ಸಿಮೆಂಟ್ ರಿಂಗ್ ಇಳಿಸಿ ಚಪ್ಪಡಿ ಮುಚ್ಚಿದರೆ ಕೆಲಸ ಮುಗೀತು. ತಳ ಮುಚ್ಚದ ಅದು ಟ್ಯಾಂಕ್ ಅಲ್ಲ, ಬರೀ ಗುಂಡಿ. ಇಲ್ಲಿ ನೆಲದಡಿ ಗಟ್ಟಿ ಬಂಡೆ. ಅದರ ಬಿರುಕು ಹಿಡಿದು ಹೊಲಸು ನೀರು ಬೋರ್‌ವೆಲ್‌ವರೆಗೂ ಹೋಗಬಹುದು. ನಮ್ಮ ನೀರಿನ ಫ್ಲೋರೈಡ್ ಬಂಡೆಯಿಂದ ಬಂದದ್ದು, ಸರಿ. ಆದರೆ ನೈಟ್ರೇಟ್ ಸೇರುವುದರಲ್ಲಿ ಇಂಥ ಗುಂಡಿಗಳದ್ದೂ ಪಾಲಿದೆ. ಕುದಿಸಿದರೂ ಅದು ಹೋಗುವುದಿಲ್ಲ.

ನಿಮ್ಮ ಪಂಚಾಯಿತಿಯಲ್ಲಿ ತರಬೇತಿ ಇಡುವುದಾದರೆ ಮೊದಲು ಜನ ಯಾರೆಂದು ನೋಡಿ. ಗಾರೆ ಮೇಸ್ತ್ರಿ, ಪ್ಲಂಬರ್, ಟ್ಯಾಂಕ್ ಖಾಲಿ ಮಾಡುವ ಸಕ್ಕಿಂಗ್ ಗಾಡಿಯ ಡ್ರೈವರ್ ಮತ್ತು ಹೆಲ್ಪರ್, ನೀರಗಂಟಿ, ಸ್ತ್ರೀಶಕ್ತಿ ಸಂಘದ ಒಂದಿಬ್ಬರು. ಅವತ್ತಿನ ಕೂಲಿ ಕೊಡಿ. ಇಲ್ಲದಿದ್ದರೆ ಮೇಸ್ತ್ರಿ ಬರಲ್ಲ, ಭಾಷಣ ಮಾಡುವವರಷ್ಟೇ ಬರುತ್ತಾರೆ. ಸಭಾಭವನ, ಪ್ರೊಜೆಕ್ಟರ್ ಯಾವುದೂ ಬೇಡ. ಇನ್ನೂ ಬಳಸದ, ಈಗಷ್ಟೇ ಕಟ್ಟುತ್ತಿರುವ ಟ್ಯಾಂಕ್ ಒಂದು ಸಿಕ್ಕರೆ ಸಾಕು.

ಅಲ್ಲಿ ಲೆವೆಲ್ ಪೈಪ್ (ನೀರು ತುಂಬಿ ಮಟ್ಟ ನೋಡುವ ಪಾರದರ್ಶಕ ಪೈಪು) ಮೇಸ್ತ್ರಿಯ ಕೈಗೇ ಕೊಡಿ. ನೀರು ಹೊರಹೋಗುವ ಪೈಪು ಒಳಬರುವ ಪೈಪಿಗಿಂತ 5 ಸೆಂ.ಮೀ. ಕೆಳಗಿರಬೇಕು. ಅಳೆದು ನೋಡಲಿ. ಎರಡೂ ಕಡೆ 'ಟೀ' (T ಆಕಾರದ ಪೈಪಿನ ತುಂಡು) ಕೂರಿಸಿ, ಅದರ ಕೆಳತುದಿ ನೀರಿನೊಳಗೆ ಮುಳುಗಿರುವಂತೆ ಮಾಡಬೇಕು. ಇಲ್ಲದಿದ್ದರೆ ಮೇಲೆ ತೇಲುವ ಕೆನೆ ನೇರ ಇಂಗುಗುಂಡಿಗೆ, ಅಂದರೆ ಟ್ಯಾಂಕಿನಿಂದ ಹೊರಬಂದ ನೀರು ನೆಲಕ್ಕೆ ಇಂಗುವ ಗುಂಡಿಗೆ, ಹೋಗಿ ಅದು ಕಟ್ಟಿಕೊಳ್ಳುತ್ತದೆ. ಈ ಟೀ ಬೆಲೆ ಏನು ಮಹಾ? ಆದರೂ ಮೊದಲು ಉಳಿತಾಯ ಮಾಡುವುದು ಇದರಲ್ಲೇ.

ಇಂಗುಗುಂಡಿ ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 18 ಮೀಟರ್ ದೂರ ಇರಬೇಕು ಎನ್ನುತ್ತದೆ ಭಾರತೀಯ ಮಾನಕ. ಬಿರುಕು ಬಂಡೆಯ ಜಾಗದಲ್ಲಿ ಇನ್ನೂ ದೂರ ಹೋದರೆ ಒಳ್ಳೆಯದು. ಜಾಗ ಗೊತ್ತಾದ ಮೇಲೆ ಸಣ್ಣ ಕುಳಿ ತೋಡಿ, ರಾತ್ರಿಯಿಡೀ ನೀರು ನಿಲ್ಲಿಸಿ. ಬೆಳಿಗ್ಗೆ ಮತ್ತೆ ನೀರು ಹಾಕಿ ಗಡಿಯಾರ ನೋಡಿ. ಒಂದು ಇಂಚು ಇಳಿಯಲು ಅರ್ಧ ಗಂಟೆಗಿಂತ ಜಾಸ್ತಿ ಬೇಕಾದರೆ ಅಲ್ಲಿ ಮಾಮೂಲಿ ಇಂಗುಗುಂಡಿ ಕೈಕೊಡುತ್ತದೆ.

ಮನೆಯವರಿಗೆ ಕಲಿಸಬೇಕಾದದ್ದು ಒಂದು ಕೋಲು, ಒಂದು ಬಿಳಿ ಟವೆಲ್. ಉದ್ದನೆ ಕೋಲಿಗೆ ಟವೆಲ್ ಸುತ್ತಿ, ಮುಚ್ಚಳದಿಂದ ತಳದವರೆಗೆ ಇಳಿಸಿ, ಸ್ವಲ್ಪ ಹೊತ್ತು ಬಿಟ್ಟು ಮೆಲ್ಲಗೆ ಎತ್ತಿ. ಕಪ್ಪು ಕಲೆ ಎಲ್ಲಿವರೆಗೆ ಇದೆಯೋ ಅಷ್ಟು ಹೂಳು. ಆಳದ ಮೂರನೇ ಒಂದು ಭಾಗ ದಾಟಿದ್ದರೆ ಗಾಡಿ ಕರೆಸಿ. ಸಾಮಾನ್ಯವಾಗಿ ಎರಡು ಮೂರು ವರ್ಷಕ್ಕೊಮ್ಮೆ ಬೇಕಾಗುತ್ತದೆ. 'ನಮ್ದು ಇಪ್ಪತ್ತು ವರ್ಷದಿಂದ ತುಂಬೇ ಇಲ್ಲ' ಅಂತ ಯಾರಾದರೂ ಹೆಮ್ಮೆಪಟ್ಟರೆ, ಅದು ಸೋರುತ್ತಿದೆ ಅಂತಲೇ ಅನುಮಾನಿಸಿ.

ಅರ್ಧ ದಿನವನ್ನಾದರೂ ಸುರಕ್ಷತೆಗೆ ಇಡಿ. ಟ್ಯಾಂಕ್‌ಗೆ ಯಾರೂ ಇಳಿಯಬಾರದು. ಮಲ ಹೊರುವ ಪದ್ಧತಿ ತಡೆಯುವ 2013ರ ಕಾಯ್ದೆ ಇಂಥ ಅಪಾಯದ ಕೆಲಸಕ್ಕೆ ಜನರನ್ನು ಹಚ್ಚುವುದನ್ನು ನಿಷೇಧಿಸಿದೆ. ಚರಂಡಿ ಕೆಲಸದಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ದೀಪ ಇಳಿಸಿ ಗಾಳಿ ಪರೀಕ್ಷಿಸುವ ಹಳೇ ರೂಢಿ ಬಿಡಿಸಿ. ಒಳಗೆ ಬೆಂಕಿ ಹೊತ್ತುವ ಮೀಥೇನ್ ಅನಿಲ ಇದ್ದರೆ ಸ್ಫೋಟವಾಗಬಹುದು. ಕೊಳೆತ ಮೊಟ್ಟೆಯಂತೆ ನಾರುವ ಹೈಡ್ರೋಜನ್ ಸಲ್ಫೈಡ್ ಜಾಸ್ತಿಯಾದರೆ ಮೂಗು ವಾಸನೆ ಹಿಡಿಯುವುದನ್ನೇ ನಿಲ್ಲಿಸುತ್ತದೆ. ಒಬ್ಬ ಬಿದ್ದಾಗ ಇನ್ನೊಬ್ಬ ಎತ್ತಲು ಇಳಿಯುತ್ತಾನೆ, ಅವನೂ ಹೋಗುತ್ತಾನೆ. ಅದಕ್ಕೇ ಬಳಸದ ಆ ಟ್ಯಾಂಕಿನಲ್ಲಿ, ಬಿದ್ದವನ ಬದಲು ಮರಳಿನ ಮೂಟೆ ಒಳಗಿಟ್ಟು ನಿಜವಾಗಿ ಅಭ್ಯಾಸ ಮಾಡಿಸಿ: ಇಳಿಯದೆ ಜನರನ್ನು ದೂರ ಸರಿಸುವುದು, 112ಕ್ಕೆ ಕರೆ ಮಾಡುವುದು, ಯಾವ ಊರು ಯಾವ ಬೀದಿ ಅಂತ ಸರಿಯಾಗಿ ಹೇಳುವುದು.

ಗಾಡಿ ಹೊಲಸನ್ನು ಎಲ್ಲಿ ಸುರಿಯುತ್ತದೆ ಅಂತಲೂ ಡ್ರೈವರ್‌ನ ಕೇಳಿ. ಕೆರೆಗೋ ಟೊಮೆಟೊ ತೋಟಕ್ಕೋ ಹಸಿಯಾಗಿ ಬಿಡುವಂತಿಲ್ಲ. ಪಕ್ಕದ ದೇವನಹಳ್ಳಿಯಲ್ಲಿ ಮಲದ ಹೂಳು ಸಂಸ್ಕರಿಸುವ ಘಟಕ 2015ರಲ್ಲೇ ಶುರುವಾಗಿದೆ. ಮೇಸ್ತ್ರಿ, ಡ್ರೈವರ್‌ಗಳನ್ನು ಅಂಥ ಘಟಕಕ್ಕೆ ಒಮ್ಮೆ ಕರೆದುಕೊಂಡು ಹೋಗಲು ಸಾಧ್ಯವೇ ವಿಚಾರಿಸಿ.

ತರಬೇತಿಯ ನಂತರ ಊರಲ್ಲಿ ಕಟ್ಟುವ ಮೊದಲ ಟ್ಯಾಂಕನ್ನು ಚಪ್ಪಡಿ ಮುಚ್ಚುವ ಮುಂಚೆ ಹೋಗಿ ನೋಡಿ. ಹೊರಪೈಪಿನ ಮಟ್ಟಕ್ಕೆ ನೀರು ತುಂಬಿಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಬಾಯಿಗೆ ಹಲಗೆ ಮುಚ್ಚಿ ಬನ್ನಿ. ಮಾರನೇ ದಿನ ನೀರು ಗೆರೆಯಿಂದ ಚೆನ್ನಾಗಿ ಇಳಿದಿದ್ದರೆ ಪ್ಲಾಸ್ಟರಿಂಗ್ ಮತ್ತೆ ಮಾಡಿಸಿ. ಬಾಕಿ ಹಣ ಅಲ್ಲಿವರೆಗೆ ಮನೆಯವರ ಹತ್ತಿರವೇ ಇರಲಿ.