ಕಾರ್ಬಮಜೆಪಿನ್–ನಿಕೋಟಿನಮೈಡ್ ಕೋಕ್ರಿಸ್ಟಲ್: ಹಾಸನದ ಮಳೆಗಾಲದಲ್ಲಿ ಮಾಡಿದ ಬಗೆ

ಮೂರ್ಛೆ ರೋಗಕ್ಕೆ ಕೊಡುವ ಕಾರ್ಬಮಜೆಪಿನ್ ಕರುಳಿನ ಗೋಡೆಯನ್ನು ಸುಲಭವಾಗಿ ದಾಟುತ್ತದೆ, ಆದರೆ ನೀರಿನಲ್ಲಿ ಕರಗುವುದಿಲ್ಲ. ಆಮ್ಲವೂ ಅಲ್ಲ, ಪ್ರತ್ಯಾಮ್ಲವೂ ಅಲ್ಲದ ಅಣುವಾದ್ದರಿಂದ ಲವಣ ಮಾಡಿ ಕರಗಿಸುವ ಮಾಮೂಲಿ ಉಪಾಯ ಇದಕ್ಕೆ ಒಗ್ಗದು. ಉಳಿಯುವ ಒಳ್ಳೆಯ ದಾರಿ ಕೋಕ್ರಿಸ್ಟಲ್. ಅಂದರೆ ಔಷಧದ ಅಣು, ನಿರಪಾಯಕಾರಿಯಾದ ಇನ್ನೊಂದು ಅಣು, ಎರಡೂ ಹೈಡ್ರೋಜನ್ ಬಂಧದಿಂದ ಒಂದೇ ಹರಳಿನಲ್ಲಿ ಕೂರುವಂತೆ ಮಾಡುವುದು. ಆ ಜೊತೆಗಾರ ಅಣುವಿಗೆ ಕೋಫಾರ್ಮರ್ ಎನ್ನುತ್ತೇವೆ. ನಾನು ಆರಿಸಿಕೊಂಡದ್ದು ಬಿ3 ಜೀವಸತ್ವದ ರೂಪವಾದ ನಿಕೋಟಿನಮೈಡ್.

ಆಯ್ಕೆಗೆ ಕಾರಣವಿದೆ. ಕಾರ್ಬಮಜೆಪಿನ್ ಹರಳಿನಲ್ಲಿ ಎರಡು ಅಣುಗಳು ಅಮೈಡ್ ತುದಿಗಳನ್ನು ಎದುರುಬದುರು ಜೋಡಿಸಿಕೊಂಡು ಕೂತಿರುತ್ತವೆ. ಆ ಜೋಡಿಯಲ್ಲಿ ಒಂದೊಂದು ಎನ್–ಎಚ್ ಬಳಕೆಯಾಗದೆ ಹೊರಕ್ಕೆ ಚಾಚಿರುತ್ತದೆ. ನಿಕೋಟಿನಮೈಡ್ ಜೋಡಿಯನ್ನು ಒಡೆಯದೆ ಆ ಖಾಲಿ ಜಾಗಕ್ಕೆ ಬಂದು ಸೇರುತ್ತದೆ. ಆಗ ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿದ್ದ ಗೌತಮ್ ದೇಸಿರಾಜು 1995ರಲ್ಲಿ ಮಂಡಿಸಿದ ಸಿಂಥಾನ್ ಕಲ್ಪನೆ (ಹರಳುಗಳಲ್ಲಿ ಅಣುಗಳು ಒಂದಕ್ಕೊಂದು ಜೋಡಿಕೊಳ್ಳುವ, ಮತ್ತೆ ಮತ್ತೆ ಕಾಣುವ ವಿನ್ಯಾಸ) ಇಂಥ ಲೆಕ್ಕಾಚಾರಕ್ಕೆ ಇಂದಿಗೂ ಕೈಮರ.

ತೂಕ ಹೀಗೆ: ಕಾರ್ಬಮಜೆಪಿನ್ 236.3 ಮಿ.ಗ್ರಾಂ., ನಿಕೋಟಿನಮೈಡ್ 122.1 ಮಿ.ಗ್ರಾಂ. ತಲಾ ಒಂದು ಮಿಲಿಮೋಲ್, ಅನುಪಾತ 1:1. ಅಗೇಟ್ ಕಲ್ಬತ್ತಿಗೆ ಹಾಕಿ 90 ಮೈಕ್ರೋಲೀಟರ್ ಎಥನಾಲ್ ಬಿಟ್ಟು ಅರೆಯುತ್ತೇನೆ. ಮಿಲಿಗ್ರಾಂಗೆ ಕಾಲು ಮೈಕ್ರೋಲೀಟರ್ ಎಂಬ ಲೆಕ್ಕ. ಇಷ್ಟು ದ್ರವ ಪುಡಿಯನ್ನು ಕರಗಿಸುವುದಿಲ್ಲ, ಕಣಗಳ ನಡುವೆ ಅಣುಗಳು ಓಡಾಡಲು ದಾರಿ ಮಾಡಿಕೊಡುತ್ತದೆ. ಎಥನಾಲ್ ಆರುತ್ತದೆ, ಆದ್ದರಿಂದ ಹತ್ತು ನಿಮಿಷಕ್ಕೊಮ್ಮೆ 30 ಮೈಕ್ರೋಲೀಟರ್ ಸೇರಿಸಿ, ಅಂಚಿಗೆ ಮೆತ್ತಿದ್ದನ್ನು ಕೆರೆದು ನಡುವಿಗೆ ತಂದು, ಒಟ್ಟು 45 ನಿಮಿಷ ಅರೆಯಬೇಕು. ಕೆರೆಯದಿದ್ದರೆ ಅಂಚಿನ ಪುಡಿ ಹಾಗೆಯೇ ಉಳಿದು, ಎಕ್ಸ್‌ರೇ ನಕ್ಷೆಯಲ್ಲಿ ಹಳೆಯ ಕಾರ್ಬಮಜೆಪಿನ್ ಗೆರೆಗಳು ತಲೆ ಹಾಕುತ್ತವೆ. ಮುಖಗವಸು, ಕೈಗವಸು ಕಡ್ಡಾಯ. ಕೈಯಲ್ಲಿರುವುದು ನರಮಂಡಲದ ಮೇಲೆ ಕೆಲಸ ಮಾಡುವ ಔಷಧ.

ಎಥನಾಲ್ ನೀರಿಲ್ಲದ್ದೇ ಆಗಬೇಕು. ಶೇ. 95ರ ಸ್ಪಿರಿಟ್‌ನಲ್ಲಿರುವ ನೀರು ಕಾರ್ಬಮಜೆಪಿನ್‌ಅನ್ನು ಡೈಹೈಡ್ರೇಟ್ ಕಡೆಗೆ, ಅಂದರೆ ಅಣುವೊಂದಕ್ಕೆ ಎರಡು ನೀರಿನ ಅಣು ಸೇರಿದ ಹರಳಿನ ಕಡೆಗೆ, ಎಳೆಯಬಹುದು. ಅಸಿಟೋನ್ ಬೇಡ, ಅದು ತಾನೇ ಹರಳಿನೊಳಗೆ ಸೇರಿ ಸಾಲ್ವೇಟ್ ಮಾಡಿಬಿಡುತ್ತದೆ. ಹೆಚ್ಚು ಬೇಕಾದಾಗ ಅರೆಯುವ ಬದಲು ಈಥೈಲ್ ಅಸಿಟೇಟ್‌ನಲ್ಲಿ ಎರಡನ್ನೂ ಗಂಜಿಯಂತೆ ಕಲಸಿ, ಮುಚ್ಚಿದ ಸೀಸೆಯಲ್ಲಿ ಒಂದು ಇಡೀ ದಿನ ತಿರುಗಿಸಿ ಸೋಸುತ್ತೇನೆ.

ಈಗ ಮಳೆಗಾಲದ ಮಾತು. ಅರಸೀಕೆರೆಯ ಒಣ ಗಾಳಿಯಲ್ಲಿ ಬಾರದ ತೊಂದರೆ ಸಕಲೇಶಪುರದ ಕಡೆಯ ಜುಲೈ ತಿಂಗಳಲ್ಲಿ ಬರುತ್ತದೆ. ಹಾಸನ ಎರಡರ ನಡುವೆ. ಉಪ್ಪಿನ ಭರಣಿ ನೀರು ಬಿಡತೊಡಗಿದರೆ ಪುಡಿಗಳ ಮೇಲೂ ಕಣ್ಣಿಡಬೇಕು. ಶುದ್ಧ ಸೋಡಿಯಂ ಕ್ಲೋರೈಡ್ ನೀರೊಡೆಯುವುದು ಸುಮಾರು ಶೇ. 75 ಸಾಪೇಕ್ಷ ಆರ್ದ್ರತೆಯಲ್ಲಿ. ಮೆಗ್ನೀಸಿಯಂ ಬೆರೆತ ಕಲ್ಲುಪ್ಪು ಅದಕ್ಕೂ ಮೊದಲೇ. ನಿಕೋಟಿನಮೈಡ್‌ಗೆ ಇನ್ನೂ ಹೆಚ್ಚಿನ ತೇವ ಬೇಕು. ಆದರೆ ಆ ಮಟ್ಟ ಮುಟ್ಟಿದರೆ ಪುಡಿಯ ಮೇಲೆ ತೆಳುವಾದ ನೀರಿನ ಪದರ ಕಟ್ಟಿ, ಎರಡೂ ಅದರಲ್ಲಿ ಕರಗಿ, ಯಾರೂ ಅರೆಯದೆಯೇ ಕೋಕ್ರಿಸ್ಟಲ್ ಹುಟ್ಟುತ್ತದೆ. ಹೋಲಿಕೆಗೆಂದು ಸುಮ್ಮನೆ ಬೆರೆಸಿಟ್ಟ ಮಿಶ್ರಣ ಹೀಗೆ ಬದಲಾದರೆ ಹೋಲಿಕೆಯೇ ಸುಳ್ಳು. ಅದಕ್ಕೇ ಆ ಮಿಶ್ರಣವನ್ನು ಅಳೆಯುವ ದಿನವೇ ಬೆರೆಸುತ್ತೇನೆ. ಸಿದ್ಧವಾದ ಪುಡಿ ಸಿಲಿಕಾ ಜೆಲ್ ಇಟ್ಟ ಡೆಸಿಕೇಟರ್‌ನಲ್ಲಿರುತ್ತದೆ, ಎಕ್ಸ್‌ರೇಗೆ ಊರಾಚೆ ಕಳಿಸುವಾಗ ಮುಚ್ಚಳದ ಸುತ್ತ ಪ್ಯಾರಾಫಿಲ್ಮ್ ಸುತ್ತಿಯೇ ಹೋಗುತ್ತದೆ. ತೇವದ ಪರೀಕ್ಷೆಗೆ ದುಬಾರಿ ಯಂತ್ರ ಬೇಕಿಲ್ಲ. ಮುಚ್ಚಿದ ಡಬ್ಬಿಯಲ್ಲಿ ಸೋಡಿಯಂ ಕ್ಲೋರೈಡ್‌ನ ಪರ್ಯಾಪ್ತ ದ್ರಾವಣ ಇಟ್ಟರೆ ಶೇ. 75, ಪೊಟ್ಯಾಸಿಯಂ ಸಲ್ಫೇಟ್ ಇಟ್ಟರೆ ಶೇ. 97 ಸಿಗುತ್ತದೆ, 25 ಡಿಗ್ರಿಯಲ್ಲಿ. ತಳದಲ್ಲಿ ಕರಗದ ಉಪ್ಪು ಉಳಿದಿರಬೇಕು ಅಷ್ಟೆ.

ಆದದ್ದು ಕೋಕ್ರಿಸ್ಟಲ್ಲೇ ಎಂದು ಹೇಳಲು ಪುಡಿ ಎಕ್ಸ್‌ರೇ ನನಗೆ ಮುಖ್ಯ ಸಾಕ್ಷಿ. ತಾಮ್ರದ ಕಿರಣದಲ್ಲಿ ಮೂಲ ಕಾರ್ಬಮಜೆಪಿನ್‌ಗೆ 13.1, 15.3, 27.5 ಡಿಗ್ರಿ ಕೋನಗಳಲ್ಲಿ ಗೆರೆಗಳು. ಕೋಕ್ರಿಸ್ಟಲ್‌ಗೆ 6.7, 8.9, 20.4, 26.6ರ ಹತ್ತಿರ. ಡೈಹೈಡ್ರೇಟ್‌ಗೆ 8.9, 12.3, 18.9ರ ಹತ್ತಿರ. 8.9ರ ಗೆರೆ ಇಬ್ಬರಿಗೂ ಇದೆ, ಅದನ್ನು ನೋಡಿ ತೀರ್ಪು ಕೊಡಬಾರದು. 6.7 ಇದೆಯೇ, 12.3 ಇಲ್ಲವೇ ಎಂದು ನೋಡಬೇಕು. ಕಾಯಿಸುತ್ತಾ ಶಾಖದ ಏರಿಳಿತ ಅಳೆಯುವ ಡಿಎಸ್‌ಸಿ ಒಂದನ್ನೇ ನಂಬುವುದೂ ಅಪಾಯ. ಕೋಕ್ರಿಸ್ಟಲ್ 158 ಡಿಗ್ರಿ ಸುಮಾರಿಗೆ ಕರಗುತ್ತದೆ ನಿಜ. ಆದರೆ ಬರೀ ಮಿಶ್ರಣವನ್ನು ಕಾಯಿಸಿದರೂ ಅದು ಮೊದಲು ಸ್ವಲ್ಪ ಕರಗಿ, ಆ ಕರಗಿದ ದ್ರವದಿಂದ ಕೋಕ್ರಿಸ್ಟಲ್ ಹುಟ್ಟಿ, ಕೊನೆಗೆ ಅದೇ 158ರಲ್ಲಿ ಕರಗುತ್ತದೆ. ಅದಕ್ಕೂ ಮುಂಚೆ ಬರುವ ತಗ್ಗು ಮತ್ತು ಉಬ್ಬು ಇಲ್ಲದಿದ್ದರೆ ಮಾತ್ರ ಪುಡಿ ಶುದ್ಧ. ಬಂಧಗಳನ್ನು ತೋರುವ ಐಆರ್ (ಅತಿಗೆಂಪು) ಪರೀಕ್ಷೆಗೆ ಮಳೆಗಾಲದಲ್ಲಿ ಕೆಬಿಆರ್ (ಪೊಟ್ಯಾಸಿಯಂ ಬ್ರೋಮೈಡ್) ಬಿಲ್ಲೆ ಬೇಡ. ಅದು ಹೀರಿದ ನೀರಿನ ಅಗಲ ಪಟ್ಟಿ 3400ರ ಸುತ್ತ ಹರಡಿ, ನಾವು ನೋಡಬೇಕಾದ ಎನ್–ಎಚ್ ಸ್ಥಾನಪಲ್ಲಟವನ್ನೇ ಮುಚ್ಚುತ್ತದೆ. ಬಿಲ್ಲೆ ಮಾಡದೆ ಪುಡಿಯನ್ನು ನೇರವಾಗಿ ಒತ್ತಿ ನೋಡುವ ಎಟಿಆರ್ ಸಾಕು.

ನನ್ನ ಮಟ್ಟಿಗೆ ನಿಜವಾದ ಕಷ್ಟ ಕರಗುವಿಕೆ ಅಳೆಯುವಲ್ಲಿ. ಪಠ್ಯದಲ್ಲಿರುವಂತೆ ಹೆಚ್ಚು ಪುಡಿ ಹಾಕಿ, 24 ಗಂಟೆ ಅಲುಗಿಸಿ, ಸೋಸಿ ಅಳೆದರೆ ಬರುವ ಅಂಕಿ ಡೈಹೈಡ್ರೇಟ್‌ನದು, ಕೋಕ್ರಿಸ್ಟಲ್‌ನದಲ್ಲ. ನಿಕೋಟಿನಮೈಡ್ ನೀರಿಗೆ ಬಿದ್ದ ತಕ್ಷಣ ಕರಗಿಹೋಗುತ್ತದೆ. ಒಂಟಿಯಾದ ಕಾರ್ಬಮಜೆಪಿನ್ ನೀರಿನಲ್ಲಿ ಅತಿಯಾಗಿ ತುಂಬಿ, ಕೆಲವೇ ನಿಮಿಷಗಳಲ್ಲಿ ಡೈಹೈಡ್ರೇಟ್ ಸೂಜಿಗಳಾಗಿ ಇಳಿಯುತ್ತದೆ. "ಕೋಕ್ರಿಸ್ಟಲ್‌ನಿಂದ ಏನೂ ಲಾಭವಿಲ್ಲ" ಎಂಬ ತಪ್ಪು ತೀರ್ಮಾನಕ್ಕೆ ಇದೇ ಮೂಲ.

ಹಾಗಾಗಿ ಒಂದೇ ದೊಡ್ಡ ಫ್ಲಾಸ್ಕ್ ಬದಲು ಪ್ರತಿ ಹೊತ್ತಿಗೂ ಒಂದು ಪುಟ್ಟ ಸೀಸೆ: 100 ಮಿ.ಗ್ರಾಂ. ಪುಡಿ, 2 ಮಿ.ಲೀ. ನೀರು, 25 ಡಿಗ್ರಿ. 1, 2, 5, 10, 20, 30, 60 ನಿಮಿಷಕ್ಕೆ ಒಂದೊಂದನ್ನು ತೆಗೆಯುತ್ತೇನೆ. ಪುಡಿಯನ್ನು ಮೊದಲೇ 75ರಿಂದ 180 ಮೈಕ್ರಾನ್ ಜರಡಿಗಳ ನಡುವೆ ಹಿಡಿದಿರಬೇಕು, ಇಲ್ಲದಿದ್ದರೆ ಕಣದ ಗಾತ್ರದ ವ್ಯತ್ಯಾಸವನ್ನೇ ಕರಗುವಿಕೆ ಅಂದುಕೊಳ್ಳುತ್ತೇವೆ. ಮ್ಯಾಗ್ನೆಟ್ ಕಡ್ಡಿ ಹಾಕುವುದಿಲ್ಲ. ಅದು ಹರಳನ್ನು ಅರೆದು ಡೈಹೈಡ್ರೇಟ್‌ಗೆ ಬೀಜ ಬಿತ್ತುತ್ತದೆ. ಶೇಕರ್ ಸಾಕು. 0.45 ಮೈಕ್ರಾನ್ ಫಿಲ್ಟರ್‌ನ ಮೊದಲ ಹನಿಗಳನ್ನು ಚೆಲ್ಲಿ, ಮುಂದಿನ 100 ಮೈಕ್ರೋಲೀಟರ್‌ಅನ್ನು ತಡಮಾಡದೆ ಅರ್ಧ ಮೆಥನಾಲ್ ಬೆರೆತ ನೀರಿಗೆ ಹಾಕಿ 10 ಮಿ.ಲೀ. ಮಾಡಬೇಕು. ತಡವಾದರೆ ಸಿರಿಂಜ್ ಒಳಗೇ ಹರಳು ಕಟ್ಟುತ್ತದೆ.

ಸಾಂದ್ರತೆ ಅಳೆಯುವುದು ಬೆಳಕಿನ ಹೀರಿಕೆಯಿಂದ. ಯುವಿಯಲ್ಲಿ 285 ನ್ಯಾನೋಮೀಟರ್ ಕಾರ್ಬಮಜೆಪಿನ್‌ನ ಶಿಖರ. ನಿಕೋಟಿನಮೈಡ್ ಶಿಖರ 262ರಲ್ಲಿ, 285ರಲ್ಲಿ ಅದರ ಹೀರಿಕೆ ಅಲ್ಪ. ಆದರೂ ದ್ರಾವಣದಲ್ಲಿ ಅದು ಔಷಧಕ್ಕಿಂತ ಹತ್ತಾರು ಪಟ್ಟು ಹೆಚ್ಚಿರುವಾಗ ಆ ಅಲ್ಪವೂ ಲೆಕ್ಕ ಕೆಡಿಸುತ್ತದೆ. ಸಿ18 ಕಾಲಮ್‌ನ ಎಚ್‌ಪಿಎಲ್‌ಸಿ ಇದ್ದರೆ ಎರಡೂ ಬೇರೆಬೇರೆಯಾಗಿ ಬರುತ್ತವೆ, ಚಿಂತೆಯಿಲ್ಲ.

ಸೀಸೆಯ ತಳದಲ್ಲಿ ಉಳಿದ ಪುಡಿಯನ್ನು ಎಸೆಯಬೇಡಿ. ಪ್ರತಿ ಸೀಸೆಯ ಅಂಕಿಯ ಪಕ್ಕ ಆ ಪುಡಿಯ ಎಕ್ಸ್‌ರೇ ಫಲಿತಾಂಶ ಬರೆಯದೆ ನಾನು ಅಂಕಿಯನ್ನು ಒಪ್ಪುವುದಿಲ್ಲ. ಫಿಲ್ಟರ್ ಕಾಗದದಲ್ಲಿ ಒತ್ತಿ ಒರೆಸಿ ಹಸಿಯಾಗಿಯೇ ನೋಡಬೇಕು. ಓವನ್‌ಗೆ ಹಾಕಿದರೆ ಡೈಹೈಡ್ರೇಟ್ ನೀರು ಕಳೆದುಕೊಂಡು ಸಾಕ್ಷಿಯೇ ಅಳಿಸುತ್ತದೆ. ಎಕ್ಸ್‌ರೇ ಕೈಗೆ ಸಿಗದ ದಿನ, ಸಾಧಾರಣ ಸೂಕ್ಷ್ಮದರ್ಶಕಕ್ಕೆ ಎರಡು ಪೋಲರಾಯ್ಡ್ ಹಾಳೆ ಅಡ್ಡಡ್ಡ ಇಟ್ಟು, ಗಾಜಿನ ಮೇಲಿನ ಕೋಕ್ರಿಸ್ಟಲ್ ಕಣಕ್ಕೆ ಒಂದು ಹನಿ ನೀರು ಬಿಟ್ಟರೆ ಮೈಯಿಂದ ಸೂಜಿಗಳು ಬೆಳೆಯುವುದು ಕಣ್ಣಿಗೇ ಕಾಣುತ್ತದೆ.

ಕೋಕ್ರಿಸ್ಟಲ್‌ನ ಸ್ವಂತ ಕರಗುವಿಕೆ ಬೇಕೆಂದರೆ ಸಮತೋಲನದ ಬಿಂದುವನ್ನು ಹುಡುಕಬೇಕು. ನೀರಿಗೆ ನಿಕೋಟಿನಮೈಡ್ ಹೇರಳವಾಗಿ ಹಾಕಿ, ತಳದಲ್ಲಿ ಕೋಕ್ರಿಸ್ಟಲ್ ಮತ್ತು ಡೈಹೈಡ್ರೇಟ್ ಎರಡೂ ಒಟ್ಟಿಗೆ ಉಳಿಯುವಂತೆ ಮಾಡಿ, ದ್ರಾವಣದ ಎರಡೂ ಸಾಂದ್ರತೆಗಳನ್ನು ಅಳೆದು, ಗುಣಿಸಿ, ವರ್ಗಮೂಲ ತೆಗೆಯುವುದು. ಮಿಶಿಗನ್ ವಿಶ್ವವಿದ್ಯಾಲಯದ ರೊಡ್ರಿಗಸ್-ಹೊರ್ನೆಡೊ ಅವರ ತಂಡ ಈ ವಿಧಾನದಿಂದ 2009ರಲ್ಲಿ ಡೈಹೈಡ್ರೇಟ್‌ಗಿಂತ ನೂರು ಪಟ್ಟಿಗೂ ಮೀರಿದ ಕರಗುವಿಕೆ ವರದಿ ಮಾಡಿತು. ಇಲ್ಲೊಂದು ಎಚ್ಚರ: ನಿಕೋಟಿನಮೈಡ್ ಸ್ವತಃ ಹೈಡ್ರೋಟ್ರೋಪ್, ದಟ್ಟ ದ್ರಾವಣದಲ್ಲಿ ಅದು ಕಾರ್ಬಮಜೆಪಿನ್‌ಅನ್ನು ತಾನೇ ಹೆಚ್ಚು ಕರಗಿಸುತ್ತದೆ. ಆ ಪಾಲನ್ನು ಬೇರೆಯಾಗಿ ಅಳೆದು ಕಳೆಯದಿದ್ದರೆ ಅಂಕಿ ಉಬ್ಬುತ್ತದೆ.

ಆ ನೂರು ಪಟ್ಟು ಮಾತ್ರೆಯಲ್ಲಿ ಹಾಗೆಯೇ ದಕ್ಕುವುದಿಲ್ಲ. ಸೂಜಿ ಬೆಳೆಯುವುದನ್ನು ತಡೆಯಲು ನೀರಿಗೆ ಶೇ. 0.1ರಿಂದ 0.5ರಷ್ಟು ಎಚ್‌ಪಿಎಂಸಿ ಎಂಬ ಪಾಲಿಮರ್ ಸೇರಿಸಿ ಅದೇ ಏಳು ಸೀಸೆಗಳನ್ನು ಮತ್ತೆ ಇಡುತ್ತೇನೆ. ಪಾಲಿಮರ್‌ಅನ್ನು ಬಿಸಿನೀರಿನಲ್ಲಿ ಹರಡಿ, ತಣ್ಣಗಾಗಲು ಬಿಟ್ಟು ಕರಗಿಸಬೇಕು. ತಣ್ಣೀರಿಗೆ ನೇರ ಸುರಿದರೆ ರಾಗಿ ಹಿಟ್ಟಿನಂತೆ ಗಂಟು ಕಟ್ಟಿ, ಒಂದು ಸೀಸೆಯಿಂದ ಇನ್ನೊಂದಕ್ಕೆ ಸಾಂದ್ರತೆ ಬೇರೆಯಾಗುತ್ತದೆ.