‘ಕಿಮಿ ನಿ ತೊಡೊಕೆ’ಯನ್ನು ಅವಸರವಿಲ್ಲದೆ ಓದುವುದು ಹೇಗೆ?

ಕರುಹೊ ಶಿಯಿನಾ ಅವರ ‘ಕಿಮಿ ನಿ ತೊಡೊಕೆ’ 2005ರಿಂದ 2017ರವರೆಗೆ ‘ಬೆಸ್ಸಾತ್ಸು ಮಾರ್ಗರೆಟ್’ ಮಾಸಪತ್ರಿಕೆಯಲ್ಲಿ ಬಂದ ಮಾಂಗಾ, ಅಂದರೆ ಜಪಾನಿ ಚಿತ್ರಕಥೆ. ಒಟ್ಟು 30 ಸಂಪುಟ. ನಾಯಕ ನಾಯಕಿ ಮನಸ್ಸಿನ ಮಾತು ಬಾಯಿಬಿಟ್ಟು ಹೇಳಿಕೊಳ್ಳುವಷ್ಟರಲ್ಲಿ ಹತ್ತಿರ ಹತ್ತಿರ ಹತ್ತು ಸಂಪುಟ ಮುಗಿದಿರುತ್ತದೆ. ಸರಸರನೆ ಪುಟ ತಿರುಗಿಸುವವರಿಗೆ ‘ಏನೂ ನಡೀತಾನೇ ಇಲ್ಲವಲ್ಲ’ ಅನ್ನಿಸುವುದು ಸಹಜ. ನಡೆಯುವುದೆಲ್ಲ ಸಣ್ಣ ಸಣ್ಣ ಚೌಕಗಳಲ್ಲಿ. ಅವು ಕಣ್ತಪ್ಪಿದರೆ ಕಥೆಯೇ ಕೈತಪ್ಪಿತು.

ಮೊದಲು ಓದುವ ದಿಕ್ಕು. ಪುಸ್ತಕದ ಬಲ ಪುಟ ಮೊದಲು, ಎಡ ಪುಟ ಆಮೇಲೆ. ಪುಟದೊಳಗೂ ಬಲ ಮೇಲ್ಮೂಲೆಯಿಂದ ಶುರುಮಾಡಿ ಎಡಕ್ಕೆ ಹೋಗಿ, ನಂತರ ಕೆಳಗಿನ ಸಾಲಿಗೆ ಇಳಿಯಬೇಕು. ಬಲಗಡೆ ಉದ್ದನೆಯ ಒಂದು ಚೌಕ, ಎಡಗಡೆ ಒಂದರ ಕೆಳಗೊಂದು ಎರಡು ಚಿಕ್ಕವು ಇದ್ದರೆ, ಉದ್ದನೆಯದನ್ನು ಮುಗಿಸಿ ಎಡಭಾಗದ ಎರಡನ್ನೂ ಮೇಲಿಂದ ಕೆಳಗೆ ಓದಿ. ಮಾತಿನ ಗುಳ್ಳೆಗಳಿಗೂ ಇದೇ ಕ್ರಮ. ಪ್ರಶ್ನೆಗಿಂತ ಮೊದಲೇ ಉತ್ತರ ಬಂದಂತೆ ಕಂಡರೆ ದಿಕ್ಕು ತಪ್ಪಿದೆ ಎಂದರ್ಥ. ಫೋನಿನಲ್ಲಿ ಓದುವವರು ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ‘ಬಲದಿಂದ ಎಡಕ್ಕೆ’ ಆರಿಸಿಕೊಳ್ಳಬೇಕು. ಒಂದೊಂದೇ ಚೌಕವನ್ನು ದೊಡ್ಡದು ಮಾಡಿ ತೋರಿಸುವ ಸೌಲಭ್ಯವನ್ನು ಈ ಸರಣಿಗೆ ಬಳಸದಿರುವುದೇ ಒಳ್ಳೆಯದು. ಇಡೀ ಪುಟದಲ್ಲಿ ಯಾರ ಮುಖ ಎಷ್ಟು ಜಾಗ ಹಿಡಿದಿದೆ ಎನ್ನುವುದೇ ಅರ್ಧ ಮಾತು ಹೇಳುತ್ತದೆ.

ಗುಳ್ಳೆಯೊಳಗಿನದು ಆಡಿದ ಮಾತು. ಗುಳ್ಳೆಯಿಲ್ಲದೆ ಚಿತ್ರದ ಮೇಲೆ ತೇಲುವ ಸಾಲುಗಳು ಸಾಮಾನ್ಯವಾಗಿ ಮನಸ್ಸಿನೊಳಗಿನವು. ಪಕ್ಕದಲ್ಲಿ ಕೈಬರಹದಂತೆ ಗೀಚಿದ ಪುಟಾಣಿ ಅಕ್ಷರಗಳು ಗೊಣಗಾಟ. ನಗು ಬಹಳಷ್ಟು ಅಲ್ಲೇ ಅಡಗಿರುತ್ತದೆ, ಅವಸರದಲ್ಲಿ ಮೊದಲು ತಪ್ಪಿಹೋಗುವುದೂ ಅದೇ. ಹಿನ್ನೆಲೆಯ ಹೂವು, ಬೆಳಕಿನ ಚುಕ್ಕಿಗಳನ್ನು ಸ್ಥಳವೆಂದು ತಿಳಿಯಬೇಡಿ, ಅವು ಭಾವ. ನಾಯಕಿ ಸವಾಕೊ ಗಾಬರಿಯಾದಾಗ ಬೊಂಬೆಯಷ್ಟು ಸರಳ ಮುಖ ಬರುತ್ತದೆ, ನಿಜವಾಗಿ ಕಲಕಿಹೋದಾಗ ಕಣ್ಣಿನ ಒಂದೊಂದು ಗೆರೆಯೂ ಮೂಡುತ್ತದೆ. ಈ ಬದಲಾವಣೆ ಕಂಡ ಕಡೆ ಒಂದು ಕ್ಷಣ ನಿಲ್ಲಿ.

ಶಾಲೆಯ ಕ್ಯಾಲೆಂಡರ್ ತಲೆಯಲ್ಲಿರಲಿ. ಜಪಾನಿನಲ್ಲಿ ಹೈಸ್ಕೂಲ್ ಮೂರು ವರ್ಷ, ವರ್ಷ ಶುರುವಾಗುವುದು ಏಪ್ರಿಲ್‌ನಲ್ಲಿ. ನಾಯಕ ಕಜೆಹಾಯ ಸವಾಕೊಳನ್ನು ಮೊದಲು ನೋಡುವುದೂ ಆಗಲೇ. ದಾರಿ ತಿಳಿಯದೆ ನಿಂತವನಿಗೆ ಅವಳು ಶಾಲೆಯ ದಾರಿ ತೋರಿಸಿ ನಗುತ್ತಾಳೆ. ತರಗತಿಯಲ್ಲಿ ಎಲ್ಲರೂ ಅವಳನ್ನು ದೆವ್ವದ ಸಿನಿಮಾದ ‘ಸದಾಕೊ’ ಎಂದು ಕರೆದು ದೂರ ಸರಿಯುವವರೇ. ಜಾಗ ಬದಲಿಸುವ ದಿನ ಅವಳ ಅಕ್ಕಪಕ್ಕ ಯಾರೂ ಕೂರಲು ಒಪ್ಪುವುದಿಲ್ಲ. ಕಜೆಹಾಯ ಸದ್ದಿಲ್ಲದೆ ಬಂದು ಪಕ್ಕದ ಬೆಂಚು ಹಿಡಿಯುತ್ತಾನೆ, ಹಿಂದೆಯೇ ಸಹಪಾಠಿಗಳಾದ ಚಿಜುರು, ಅಯಾನೆ ಬರುತ್ತಾರೆ. ಸರಣಿಯ ಸವಿ ಏನೆಂದು ತಿಳಿಯಲು ಈ ಒಂದು ಪ್ರಸಂಗ ಸಾಕು. ಇಷ್ಟಾದರೂ ಹಿಡಿಸದಿದ್ದರೆ ಪುಸ್ತಕ ಮುಚ್ಚಿಡಬಹುದು, ಮುಂದೆಯೂ ಇದೇ ಧಾಟಿ.

ಓದುಗರು ಕೈಬಿಡುವುದು ಹೆಚ್ಚಾಗಿ ಎಂಟನೇ ಸಂಪುಟದ ಆಸುಪಾಸು. ವ್ಯಾಲೆಂಟೈನ್ ದಿನ ಸವಾಕೊ ಕಜೆಹಾಯನಿಗೆಂದು ಮಾಡಿದ ಚಾಕೊಲೇಟನ್ನು ಕೊಡಲಾಗದೆ ಉಳಿಸಿಕೊಳ್ಳುತ್ತಾಳೆ. ಎರಡನೇ ವರ್ಷದಲ್ಲಿ ಮಿಯುರಾ ಎಂಬ ಹುಡುಗ ನಡುವೆ ಬರುತ್ತಾನೆ. ‘ಒಂದು ಮಾತು ಕೇಳಿಬಿಟ್ಟರೆ ಆಯ್ತಲ್ಲ’ ಎಂದು ಓದುಗರಿಗೆ ರೇಗುತ್ತದೆ. ಆದರೆ ತನ್ನನ್ನು ಯಾರಾದರೂ ಇಷ್ಟಪಡಬಹುದು ಎಂಬ ಊಹೆಯೇ ಅವಳಿಗೆ ಇಲ್ಲ. ಒಂದನೇ ಸಂಪುಟದಿಂದ ಲೇಖಕಿ ಕಟ್ಟಿಕೊಂಡು ಬಂದಿರುವುದು ಇದನ್ನೇ. ತಿಂಗಳಿಗೊಂದು ಕಂತು ಓದಲೆಂದು ಬರೆದ ಕಥೆಯಾದ್ದರಿಂದ ಉಳಿದ ಸಂಪುಟಗಳನ್ನು ಬಿಡುವು ಕೊಟ್ಟು ಓದಿದರೆ ಚೆನ್ನ. ಎಂಟರಿಂದ ಹತ್ತರವರೆಗಿನವನ್ನು ಮಾತ್ರ ಒಟ್ಟಿಗೆ ಇಟ್ಟುಕೊಂಡು ಒಂದೇ ಓಟದಲ್ಲಿ ಮುಗಿಸಿ.

ಇದೇ ಕಥೆಯ ಅನಿಮೆ (ಜಪಾನಿ ಅನಿಮೇಷನ್ ಸರಣಿ) ನೋಡಿ ಬರುವವರು 2009 ಮತ್ತು 2011ರ ಎರಡು ಸೀಸನ್ ಮುಗಿಸಿದ್ದರೆ ಹತ್ತನೇ ಸಂಪುಟದಿಂದ ಹಿಡಿಯಬಹುದು. ತುಸು ಪುನರಾವರ್ತನೆಯಾದರೂ ಎಳೆ ತಪ್ಪುವುದಿಲ್ಲ. ಮೂರನೇ ಸೀಸನ್ ಬಂದದ್ದು 2024ರಲ್ಲಿ. ಪ್ರೀತಿಯಲ್ಲಿ ಸವಾಕೊಗೆ ಪ್ರತಿಸ್ಪರ್ಧಿಯಾಗಿ ಬರುವ ಕುರುಮಿಗೆ ಮೂರು ಸಂಪುಟಗಳ ಬೇರೆ ಕಥೆಯೇ ಇದೆ. ಅದು ಕಾಲೇಜು ದಿನಗಳದ್ದಾದ್ದರಿಂದ 30ನೆಯದನ್ನು ಮುಗಿಸದೆ ತೆರೆಯಬೇಡಿ, ಯಾರು ಎಲ್ಲಿ ಸೇರಿದರು ಎಂಬ ಗುಟ್ಟೆಲ್ಲ ಮೊದಲ ಪುಟಗಳಲ್ಲೇ ಬಯಲಾಗುತ್ತದೆ.